ಕೂಸು ಬಟ್ಟೆಯೊಳಗಿದ್ದರೂ ಮುಖ ಕಾಣುತ್ತಿರಲಿ

ಬೆಂಗಳೂರು-ಹುಬ್ಬಳ್ಳಿ ಮಾರ್ಗದ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು ಹಳೇಬೀಡು, ಬೇಲೂರುಗಳತ್ತ ಬಸ್ ಹಿಡಿಯುವವರಲ್ಲಿ ಕೈಗೂಸಿನೊಂದಿಗೆ ಹೊರಟ ದಂಪತಿಗಳೂ ಇರುತ್ತಾರೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಹೊಯ್ಸಳ ದೇಗುಲಗಳು ಎತ್ತರದ ಜಗತಿಯ ಮೇಲೆ ನಿಂತಿವೆ. ಪಾದರಕ್ಷೆ ಕಳಚಿ ಕಲ್ಲಿನ ಮೆಟ್ಟಿಲು ಏರಬೇಕು. ಮಗುವನ್ನು ಕೂರಿಸಿ ತಳ್ಳುವ ಗಾಡಿ ಇಲ್ಲಿ ಉಪಯೋಗಕ್ಕೆ ಬಾರದು. ಮಗುವನ್ನು ಮೈಗೆ ಕಟ್ಟಿಕೊಂಡು ನಡೆಯುವುದೇ ಸುಲಭದ ಮಾರ್ಗ.

ಇದೇನೂ ಹೊರನಾಡಿನಿಂದ ಬಂದ ಪದ್ಧತಿಯಲ್ಲ. ಊರೂರು ಅಲೆದು ಬದುಕುವ ಸಮುದಾಯಗಳ ತಾಯಂದಿರು ಹಳೆಯ ಸೀರೆಯಲ್ಲಿ ಕೂಸನ್ನು ಕಟ್ಟಿಕೊಂಡೇ ದುಡಿದಿದ್ದಾರೆ. ಈಗ ಅಂಗಡಿಗಳಲ್ಲಿ ‘ಸ್ಲಿಂಗ್’ ಎಂಬ ಹೆಸರಿನಲ್ಲಿ ದೊರೆಯುವುದೂ ಮೂಲತಃ ಇಂತಹದೇ ಬಟ್ಟೆ. ಆದರೆ ಬಟ್ಟೆ ಯಾವುದು ಎಂಬುದಕ್ಕಿಂತ ಅದರೊಳಗೆ ಮಗು ಹೇಗಿದೆ ಎಂಬುದು ಮುಖ್ಯ.

ಅಪಾಯ ಎಲ್ಲಿದೆ?

ಮೊದಲ ಕೆಲವು ತಿಂಗಳು ಹಸುಳೆಯ ಕತ್ತಿಗೆ ತಲೆಯನ್ನು ತಾನಾಗಿ ಎತ್ತಿ ಹಿಡಿಯುವ ಬಲವಿರುವುದಿಲ್ಲ. ಚೀಲದಂತೆ ಜೋತುಬಿದ್ದ ಬಟ್ಟೆಯಲ್ಲಿ ಮಲಗಿಸಿದರೆ ದೇಹ ಬಿಲ್ಲಿನಂತೆ ಬಾಗಿ ಗಲ್ಲ ಎದೆಗೆ ಒತ್ತುತ್ತದೆ. ಉಸಿರಿನ ದಾರಿ ಕಿರಿದಾಗುತ್ತದೆ. ಮೂಗು-ಬಾಯಿ ಬಟ್ಟೆಗೋ ಹೊತ್ತವರ ಮೈಗೋ ಒತ್ತಿಕೊಂಡರೂ ಉಸಿರು ಕಟ್ಟಬಹುದು. ಇಂತಹ ಸ್ಥಿತಿಯಲ್ಲಿ ಮಗು ಅಳುವುದಿಲ್ಲ. ಅಳಲು ಬೇಕಾದ ಉಸಿರೇ ಅದಕ್ಕಿರುವುದಿಲ್ಲ. ನಿದ್ರಿಸುತ್ತಿದೆ ಎಂದುಕೊಂಡು ತಾಯಿ ನಡೆಯುತ್ತಲೇ ಇರಬಹುದು.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ಅದಕ್ಕೆ ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗಳಿಗೆ ಸಂಬಂಧಿಸಿದ ಕನಿಷ್ಠ 14 ಸಾವುಗಳನ್ನು ಅದು ಗುರುತಿಸಿತ್ತು. ಅವುಗಳಲ್ಲಿ 12 ಶಿಶುಗಳು ನಾಲ್ಕು ತಿಂಗಳೂ ತುಂಬದವು.

ಹೀಗಾಗಿ ಮನೆಯ ತೊಲೆಗೆ ಕಟ್ಟುವ ಸೀರೆಯ ಜೋಳಿಗೆಯ ಆಕಾರ ಮಗುವನ್ನು ಹೊರಲು ತಕ್ಕುದಲ್ಲ. ಅಜ್ಜಿಯರು ಮೊಮ್ಮಕ್ಕಳನ್ನು ಸೊಂಟದ ಮೇಲೆ ಕಾಲು ಅಗಲಿಸಿ ನೆಟ್ಟಗೆ ಕೂರಿಸಿಕೊಳ್ಳುವ ಭಂಗಿಯೇ ಸರಿಯಾದ ಮಾದರಿ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾದ ‘ಕಾಂಗರೂ ಆರೈಕೆ’ಯಲ್ಲಿಯೂ ಕಡಿಮೆ ತೂಕದ ಶಿಶುವನ್ನು ತಾಯಿಯ ಎದೆಗೆ ನೆಟ್ಟಗೆ ಆನಿಸಿಯೇ ಇರಿಸುತ್ತಾರೆ.

ಕಟ್ಟುವ ಬಗೆ

ಐದೂವರೆ ಮೀಟರಿನ ಹತ್ತಿ ಸೀರೆ ಸಾಕು. ಜಾರುವ ನೈಲಾನ್, ರೇಷ್ಮೆ ಬೇಡ. ಬೆಳಕಿಗೆ ಹಿಡಿದು ಹರಕು, ಸವೆತಗಳಿವೆಯೇ ಎಂದು ನೋಡಬೇಕು. ಸೀರೆಯನ್ನು ಉದ್ದಕ್ಕೆ ಮಡಿಸಿ ನಡುಭಾಗವನ್ನು ಎದೆಯ ಮೇಲೆ ಅಡ್ಡಲಾಗಿರಿಸಿ, ತುದಿಗಳನ್ನು ಬೆನ್ನ ಮೇಲೆ ಕತ್ತರಿಯಾಕಾರದಲ್ಲಿ ಹಾಯಿಸಿ, ಭುಜಗಳ ಮೇಲಿಂದ ಮುಂದಕ್ಕೆ ತರಬೇಕು. ಮಗುವನ್ನು ಎದೆಗೆ ಮುಖಮಾಡಿ ಆ ಅಡ್ಡಪಟ್ಟಿಯೊಳಗೆ ಕೂರಿಸಿದ ಬಳಿಕ, ತುದಿಗಳನ್ನು ಪಟ್ಟಿಯ ಒಳಗಿನಿಂದ ಇಳಿಸಿ, ಮಗುವಿನ ಪೃಷ್ಠದಡಿ ಅಡ್ಡಹಾಯಿಸಿ, ತೊಡೆಗಳ ಕೆಳಗಿನಿಂದ ಹಿಂದಕ್ಕೊಯ್ದು ಎರಡು ಗಂಟು ಹಾಕಬೇಕು. ಭಾರ ಎರಡೂ ಭುಜಗಳಿಗೆ ಹಂಚಿಹೋಗುತ್ತದೆ. ಮೊದಲು ದಿಂಬನ್ನು ಕಟ್ಟಿ ಅಭ್ಯಾಸ ಮಾಡಿ, ಆನಂತರ ಹಾಸಿಗೆಯ ಮೇಲೆ ಕುಳಿತು ಮಗುವನ್ನು ಕಟ್ಟುವುದು ಒಳಿತು.

ಕಟ್ಟಿದ ಮೇಲೆ ಈ ಐದು ಅಂಶಗಳನ್ನು ಪರಿಶೀಲಿಸಬೇಕು:

* ಬಟ್ಟೆ ಬಿಗಿಯಾಗಿದೆಯೇ, ಮಗು ಕುಸಿಯುತ್ತಿಲ್ಲವೇ?
* ಕೆಳಗೆ ನೋಡಿದೊಡನೆ ಮಗುವಿನ ಮುಖ ಕಾಣುತ್ತದೆಯೇ?
* ತಲೆಬಾಗಿಸಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿದೆಯೇ?
* ಗಲ್ಲ ಮತ್ತು ಎದೆಯ ನಡುವೆ ಒಂದು ಬೆರಳು ತೂರುವಷ್ಟು ಜಾಗವಿದೆಯೇ?
* ಬೆನ್ನಿಗೆ ಆಸರೆಯಿದೆಯೇ. ಮಂಡಿಗಳು ಪೃಷ್ಠಕ್ಕಿಂತ ತುಸು ಮೇಲಿವೆಯೇ?

ಕಾಲುಗಳನ್ನು ನೇರವಾಗಿ ಜೋಡಿಸಿ ಬಿಗಿದರೆ ಎಳೆಯ ಸೊಂಟದ ಕೀಲಿನ ಬೆಳವಣಿಗೆಗೆ ತೊಂದರೆಯಾಗಬಹುದು. ಬಟ್ಟೆಯೊಳಗೇ ಹಾಲುಣಿಸಿದಲ್ಲಿ, ಮುಗಿದೊಡನೆ ಮಗುವನ್ನು ಮತ್ತೆ ನೆಟ್ಟಗೆ ಮಾಡಬೇಕು.

ಪ್ರಯಾಣದಲ್ಲಿ

ಅರಸೀಕೆರೆಯ ಬಯಲು ಬಿಸಿಲಿನಲ್ಲಿ ಎರಡು ಮೈಗಳ ಕಾವು ಒಂದಾಗುತ್ತದೆ. ಮಗುವಿಗೆ ತೆಳು ಅಂಗಿಯೊಂದೇ ಸಾಕು; ಕತ್ತಿನ ಹಿಂಭಾಗ ಬೆವರಿದ್ದರೆ ಹೊರತೆಗೆದು ಗಾಳಿಗೆ ಹಿಡಿಯಬೇಕು. ಬೇಲೂರಿನ ಮಳೆಯಲ್ಲಿ ಕೊಡೆ ಹಿಡಿಯಬಹುದೇ ಹೊರತು ಮುಖದ ಮೇಲೆ ಸೆರಗು ಹೊದಿಸಬಾರದು. ಗರ್ಭಗುಡಿಯ ಮುಂದಿನ ಮಬ್ಬು ಬೆಳಕಿನಲ್ಲಿ ಮುಖ ಸರಿಯಾಗಿ ಕಾಣದು. ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿಕೊಳ್ಳಬೇಕು. ಗೋಡೆಯ ಕೆಳಸಾಲಿನ ಆನೆಗಳನ್ನು ನೋಡಲು ಸೊಂಟ ಬಗ್ಗಿಸದೆ, ಒಂದು ಕೈಯಲ್ಲಿ ಮಗುವನ್ನು ಹಿಡಿದು ಮಂಡಿ ಮಡಿಸಿ ಕೂರುವುದೇ ಕ್ಷೇಮ.

ಬೇಲೂರು-ಹಳೇಬೀಡು ನಡುವೆ ಇರುವುದು ಸುಮಾರು 16 ಕಿ.ಮೀ. ಹತ್ತಿರವೆಂದು ಮಗುವನ್ನು ಸೀರೆಯಲ್ಲಿ ಕಟ್ಟಿಕೊಂಡು ಬೈಕ್ ಏರುವುದು ತರವಲ್ಲ. ಕೇಂದ್ರ ಸರ್ಕಾರದ 2022ರ ನಿಯಮದ ಪ್ರಕಾರ ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸುರಕ್ಷಾ ಪಟ್ಟಿಯಿಂದ ಬಿಗಿಯಬೇಕು; 9 ತಿಂಗಳು ದಾಟಿದ್ದರೆ ಹೆಲ್ಮೆಟ್ ಕಡ್ಡಾಯ; ವೇಗ ಗಂಟೆಗೆ 40 ಕಿ.ಮೀ. ಮೀರಕೂಡದು. ಸೀರೆ ಆ ಪಟ್ಟಿಗೆ ಬದಲಿಯಾಗದು. ಕಾರಿನಲ್ಲಿಯೂ ಮಗುವಿಗೆ ಅದರದೇ ಆಸನ ಬೇಕು.

ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಶೀತದಿಂದ ಮೂಗು ಕಟ್ಟಿರುವ ಕೂಸನ್ನು ಕಟ್ಟಿಕೊಳ್ಳುವ ಮುನ್ನ ವೈದ್ಯರ ಸಲಹೆ ಅಗತ್ಯ. ಜನನದ ನಂತರದ ಮೊದಲ 42 ದಿನಗಳಲ್ಲಿ ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯ ಬಳಿಯೂ ಈ ವಿಷಯ ವಿಚಾರಿಸಬಹುದು. ಉಳಿದಂತೆ ನಾಲ್ಕು ಹೆಜ್ಜೆಗೊಮ್ಮೆ ತಲೆಬಾಗಿಸಿ ಮಗುವಿನ ಮುಖ ನೋಡುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ.