ಗಿಟಾರಿನ ಮೇಲೆ ಬರೋಕ್ ಲ್ಯೂಟ್

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿರುವವರೇ, ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯ ಇಲ್ಲದೆಯೂ ಲ್ಯೂಟ್ ಸಂಗೀತ ನುಡಿಸಬಹುದು!

ಮೊದಲು ಆನೆಗೊಂದಿಯ ಎದುರು ದಡಕ್ಕೆ ಬನ್ನಿ. ಅದು ವಿಜಯನಗರ. 1550ರಲ್ಲಿ ಸಂಗೀತಶಾಸ್ತ್ರಜ್ಞ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಗ್ರಂಥ ಬರೆದ. ವೀಣೆಯ ತಂತಿಗಳನ್ನು ಯಾವ ಸ್ವರಕ್ಕೆ ಕಟ್ಟಬೇಕು, ಮೆಟ್ಟಿಲುಗಳು ಎಲ್ಲಿರಬೇಕು ಎಂದು ಅದರಲ್ಲಿ ವಿವರಿಸಿದ. ಅದರಲ್ಲಿನ ಒಂದು ವೀಣೆಗೆ ಅರಸ ಅಚ್ಯುತರಾಯನ ಹೆಸರೇ ಇದೆ. ಶ್ರುತಿ ಬದಲಾದರೆ ಬೆರಳ ದಾರಿಯೂ ಬದಲು. ಲ್ಯೂಟಿನಿಂದ ಗಿಟಾರಿಗೆ ಬರುವಾಗ ಎದುರಾಗುವುದೂ ಇದೇ ಸಂಗತಿ.

ಬರೋಕ್ ಲ್ಯೂಟಿನಲ್ಲಿ ಹೆಚ್ಚಾಗಿ 11 ಅಥವಾ 13 ಸಾಲು ತಂತಿ. ಮೇಲಿನ ಆರು ಸಾಲು ಬಿಡಿಯಾಗಿ ಮೀಟಿದರೆ ಡಿ ಮೈನರ್ ಸ್ವರಮೇಳ. ಉಳಿದವು ಮಂದ್ರ, ಹೆಚ್ಚಾಗಿ ಬೆರಳು ಒತ್ತದೆ ಮೀಟುವಂಥವು. ಗಿಟಾರಿನಲ್ಲಿ ಆರೇ ತಂತಿ. ಹಾಗಾಗಿ ಕೆಲವು ಮಂದ್ರ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆ ತರಬೇಕು. ಕೆಲವು ಕೃತಿಗೆ ಆರನೇ ತಂತಿಯನ್ನು ಡಿಗೆ ಇಳಿಸಿದರೆ ಸಾಕು. ಲ್ಯೂಟಿನ ಫ್ರೆಂಚ್ ಬರಹದಲ್ಲಿ ಮೆಟ್ಟಿಲಿಗೊಂದು ಅಕ್ಷರ; ಅದನ್ನು ಗಿಟಾರಿನ ಮೇಲೆ ನೇರ ಓದಿದರೆ ಸ್ವರ ತಪ್ಪುತ್ತದೆ. ಗಿಟಾರಿಗೆ ಹೊಂದಿಸಿದ ಸ್ಟಾಫ್ ಬರಹ ಹಿಡಿಯಿರಿ.

ಶುರು ಮಾಡಲು ಬಾಖ್‌ನ ಇ ಮೈನರ್ ಸೂಟಿನ ಬೂರೆ ಒಳ್ಳೆಯದು; ಬಾಖ್ ಕೃತಿಪಟ್ಟಿಯಲ್ಲಿ ಅದು ಬಿಡಬ್ಲ್ಯೂವಿ 996. ಶ್ರುತಿ ಬದಲಿಸಬೇಕಿಲ್ಲ. ಎರಡೇ ಧ್ವನಿ, ಮೇಲೊಂದು, ಕೆಳಗೊಂದು. ನನ್ನ ಮಾತು ಕೇಳಿ: ಮೊದಲು ಹೆಬ್ಬೆರಳಿನಿಂದ ಕೆಳಗಿನ ಧ್ವನಿಯನ್ನಷ್ಟೇ, ಹಾಡಿನಂತೆ, ನಿಧಾನವಾಗಿ ನುಡಿಸಿ. ಅದು ಕಿವಿಗೆ ಕೂತ ಮೇಲೆ ಮೇಲಿನ ಧ್ವನಿ ಸೇರಿಸಿ. ವೇಗಕ್ಕೆ ಓಡುವವರು ಈ ಕೆಳಧ್ವನಿಯ ಚೆಲುವನ್ನೇ ಕಳೆದುಕೊಳ್ಳುತ್ತಾರೆ.

ಮುಂದೆ ಸಿಲ್ವಿಯಸ್ ವೈಸ್. ಬಾಖ್ ತೀರಿಕೊಂಡ 1750ರಲ್ಲೇ ತೀರಿಕೊಂಡ, ಲ್ಯೂಟಿಗಾಗಿ ನೂರಾರು ರಚನೆ ಬಿಟ್ಟುಹೋದ ಮಹಾ ವಾದಕ. ಇವತ್ತೇ ಅವನನ್ನು ಕೇಳಿ, ನಾಳೆ ಗಿಟಾರ್ ತೆಗೆಯಿರಿ.