ಹುಣ್ಣಿಮೆಯ ಹೆಸರುಗಳು

ಅಚ್ಚಿನ ಪಂಚಾಂಗವಿಲ್ಲದ ಕಾಲದಲ್ಲಿ ಒಕ್ಕಲಿಗನಿಗೆ ಆಕಾಶದ ಚಂದ್ರನೇ ಪಂಚಾಂಗವಾಗಿದ್ದನು. ಇದು ನಮ್ಮ ದೇಶಕ್ಕೆ ಮಾತ್ರ ಸಲ್ಲುವ ಮಾತಲ್ಲ. ಕ್ರೈಸ್ತಮತವು ಹಬ್ಬುವುದಕ್ಕೆ ಮುಂಚೆ ಇಂಗ್ಲೆಂಡಿನ ಜನರೂ ಚಂದ್ರನನ್ನು ನೋಡಿಯೇ ತಿಂಗಳುಗಳನ್ನು ಎಣಿಸುತ್ತಿದ್ದರು.

ಈ ಸಂಗತಿಯು ನಮಗೆ ತಿಳಿದಿರುವುದು ಆ ದೇಶದ ಜಾರೋ ಮಠದಲ್ಲಿದ್ದ ಬೀಡ್ ಎಂಬ ಕ್ರೈಸ್ತ ಸಂನ್ಯಾಸಿಯ ದೆಸೆಯಿಂದ. ಕ್ರಿ. ಶ. 725ರಲ್ಲಿ ಆತನು ಕಾಲಗಣನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥದ 15ನೆಯ ಅಧ್ಯಾಯದಲ್ಲಿ ತನ್ನ ಪೂರ್ವಿಕರ ಮಾಸನಾಮಗಳನ್ನು ವಿವರಿಸಿದ್ದಾನೆ. ಮೇ ತಿಂಗಳಿಗೆ ಥ್ರಿಮಿಲ್ಚಿ ಎಂದು ಹೆಸರು. ಹಸುಗಳು ದಿನಕ್ಕೆ ಮೂರು ಸಲ ಹಾಲು ಕರೆಯುತ್ತಿದ್ದ ಸಮೃದ್ಧಿಯ ಕಾಲವದು. ಅಕ್ಟೋಬರಿಗೆ ವಿಂಟರ್‌ಫಿಲ್ಲೆತ್, ಆ ತಿಂಗಳ ಹುಣ್ಣಿಮೆಯಿಂದ ಚಳಿಗಾಲವು ಮೊದಲಾಗುತ್ತಿತ್ತು. ನವೆಂಬರು ಬಲಿಯ ತಿಂಗಳು. ಕಡಿಯಬೇಕಾದ ದನಗಳನ್ನು ಆಗ ದೇವತೆಗಳಿಗೆ ಅರ್ಪಿಸುತ್ತಿದ್ದರು. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ 354 ದಿನಗಳು. ಸೌರವರ್ಷಕ್ಕೆ ಸುಮಾರು 11 ದಿನ ಕಡಮೆ. ಈ ಕೊರತೆಯನ್ನು ತುಂಬಲು ಅವರು ಕೆಲವು ವರ್ಷಗಳಲ್ಲಿ ಬೇಸಗೆಗೆ ಒಂದು ತಿಂಗಳನ್ನು ಸೇರಿಸುತ್ತಿದ್ದರು. ನಮ್ಮ ಅಧಿಕಮಾಸವನ್ನು ಬಲ್ಲ ವಾಚಕರಿಗೆ ಇದು ಹೊಸತಾಗಿ ತೋರದು.

ಪಶ್ಚಿಮದಲ್ಲಿ ಹಳೆಯ ದೇವತೆಗಳ ಉಪಾಸನೆಯನ್ನು ಪುನಃ ಕೈಕೊಂಡವರು ಈಗ ವರ್ಷಕ್ಕೆ ಎಂಟು ಋತುಪರ್ವಗಳನ್ನು ಆಚರಿಸುತ್ತಾರೆ. ಅವುಗಳಲ್ಲಿ ಐರ್ಲೆಂಡಿನ ಸಾವಿನ್, ಬೆಲ್ಟೇನ್ ಮೊದಲಾದವು ಪ್ರಾಚೀನವಾದವೇ ಸರಿ. ಆದರೆ ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದು 1950ರ ದಶಕದಲ್ಲಿ. ಶರತ್ಕಾಲದ ವಿಷುವದ ಹಬ್ಬಕ್ಕೆ ಮೇಬನ್ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಅವರ ಶ್ರದ್ಧೆಯನ್ನು ನಾವು ಹಳಿಯಲಾರೆವು. ಪರಂಪರೆಯ ಎಳೆಯು ಒಮ್ಮೆ ಕಡಿದುಹೋದರೆ ಮುಂದಿನವರು ಊಹೆಯಿಂದ ಗಂಟು ಹಾಕಬೇಕಾಗುವುದೆಂಬುದಷ್ಟೇ ನಮ್ಮ ಮಾತು.

ನಮ್ಮಲ್ಲಿ ಆ ಎಳೆಯು ಇನ್ನೂ ಕಡಿದಿಲ್ಲ. ಚೈತ್ರ, ವೈಶಾಖ ಎಂಬ ಹೆಸರುಗಳು ಹುಣ್ಣಿಮೆಯ ಚಂದ್ರನ ಬಳಿಯ ನಕ್ಷತ್ರವನ್ನು ತಿಳಿಸಿದರೆ, ಉತ್ತರ ಕರ್ನಾಟಕದ ಒಕ್ಕಲುಮಕ್ಕಳು ಇಟ್ಟ ಹೆಸರುಗಳು ಹೊಲವನ್ನೂ ಹಟ್ಟಿಯನ್ನೂ ತಿಳಿಸುತ್ತವೆ. ಜ್ಯೇಷ್ಠದಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸುವ ಕಾರ ಹುಣ್ಣಿಮೆ. ಆಶ್ವಯುಜದಲ್ಲಿ ಹೊಲಕ್ಕೆ ಚರಗ ಚೆಲ್ಲಿ ಪೈರನ್ನು ಪೂಜಿಸುವ ಸೀಗಿ ಹುಣ್ಣಿಮೆ. ಪುಷ್ಯದಲ್ಲಿ ಬಾದಾಮಿಯ ಬನಶಂಕರಿಯ ಜಾತ್ರೆ ನೆರೆಯುವ ಬನದ ಹುಣ್ಣಿಮೆ. ಆದರೆ ಎತ್ತುಗಳಿದ್ದ ಹಟ್ಟಿಯಲ್ಲಿ ಟ್ರ್ಯಾಕ್ಟರು ನಿಂತಿರುವಾಗ ಕಾರ ಹುಣ್ಣಿಮೆಯ ಅರ್ಥವನ್ನು ಮಕ್ಕಳಿಗೆ ಹೇಳುವವರಾರು?

ತಾನು ನಂಬದ ದೇವತೆಗಳ ತಿಂಗಳುಗಳನ್ನೂ ಬೀಡನು ಬರೆದಿಟ್ಟನು. ನಂಬುವ ನಾವು ನಮ್ಮವನ್ನು ಬರೆದಿಡದಿರುವುದು ಉಚಿತವಲ್ಲ. ತಮ್ಮ ತಮ್ಮ ಊರಿನ ಹುಣ್ಣಿಮೆಗಳ ಹೆಸರು, ಅಂದಿನ ಅಡಿಗೆ, ಅಂದಿನ ಆಚಾರ, ಇವುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕೆಂದು ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಹೇಳಬಲ್ಲ ಅಜ್ಜಿಯರು ಇರುವಾಗಲೇ ಈ ಕೆಲಸವು ನಡೆಯತಕ್ಕದ್ದು.