ಗಾಯದ ನಂಜು ಮೈಗೇರಿದಾಗ



ಸಜ್ಜೆ ಕೊಯ್ಯುವಾಗ ಕುಡಗೋಲು ತಾಗುವುದು, ಕಾಲಿನಲ್ಲಿ ಜಾಲಿಮುಳ್ಳು ಮುರಿಯುವುದು ನಮ್ಮ ಮಂಗಳೂರು, ಕುಕನೂರು, ಯಲಬುರ್ಗಾ ಸೀಮೆಯ ಒಕ್ಕಲಿಗರಿಗೆ ಹೊಸದಲ್ಲ. ಇಂಥ ಗಾಯಗಳಲ್ಲಿ ಬಹಳಷ್ಟು ತಾವಾಗಿಯೇ ಮಾಯುತ್ತವೆ. ಆದರೆ ಒಂದೊಂದು ಗಾಯದ ನಂಜು ಮೈಗೆಲ್ಲ ಏರಿ ಪ್ರಾಣಕ್ಕೆ ಸಂಚಕಾರ ತರುವುದುಂಟು. ಇದನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ.

ನಂಜು ಎಂದೊಡನೆ ಬದನೆಕಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ವಾಡಿಕೆ. ಪಾಪ, ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಕಾಣದ ರೋಗಾಣುಗಳು ಗಾಯದಿಂದ ಒಳಸೇರಿ ಹೆಚ್ಚುತ್ತವೆ. ಅವುಗಳನ್ನು ಎದುರಿಸಲು ಹೊರಟ ಶರೀರದ ಶಕ್ತಿಯೇ ಹತೋಟಿ ತಪ್ಪಿ ತನ್ನ ಅಂಗಗಳನ್ನು ಕೆಡಿಸತೊಡಗುತ್ತದೆ. ರಕ್ತನಾಳಗಳು ಸಡಿಲಗೊಂಡು, ನೀರಿನಂಶ ಹೊರಗೆ ಸೋರಿ, ರಕ್ತದ ಒತ್ತಡ ಕುಸಿಯುತ್ತದೆ. ಕಾಲುವೆಯ ದಂಡೆ ಒಡೆದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಗಂಗಾವತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆಯೇ ಮಿದುಳಿಗೆ, ಮೂತ್ರಪಿಂಡಗಳಿಗೆ ರಕ್ತ ಸಾಲದಾಗುತ್ತದೆ. ಗಾಯದಿಂದ ಮಾತ್ರವಲ್ಲ, ಪುಪ್ಪುಸದ ಬೇನೆ, ಉರಿಮೂತ್ರ, ಬಾಣಂತಿಯ ಸೋಂಕುಗಳಿಂದಲೂ ಹೀಗಾಗಬಹುದು.

ಗಾಯವಾದ ಕೂಡಲೆ ಶುದ್ಧ ನೀರು, ಸಾಬೂನಿನಿಂದ ತೊಳೆದು ಒಗೆದ ಬಟ್ಟೆ ಕಟ್ಟಿರಿ. ಸಗಣಿ, ಬೂದಿ, ಸುಣ್ಣ ಮೆತ್ತಲೇಬಾರದು. ಟಿ.ಟಿ. ಸೂಜಿ ಹಾಕಿಸಿಕೊಂಡೆವೆಂದು ನಿಶ್ಚಿಂತರಾಗಬೇಡಿ. ಅದು ಧನುರ್ವಾಯುವನ್ನು ತಡೆಯುತ್ತದೆಯೇ ಹೊರತು ಕೀವಿನ ನಂಜನ್ನಲ್ಲ.

ಇನ್ನು ಅಪಾಯದ ಗುರುತುಗಳು. ನಡುಕದ ಚಳಿಜ್ವರ ಬರುವುದು, ದೊಡ್ಡವರು ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 22 ಅಥವಾ ಹೆಚ್ಚು ಸಲ ಉಸಿರಾಡುವುದು, ಮಂಪರು, ಅಸಂಬದ್ಧ ಮಾತು, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಮೈ ತಣ್ಣಗಾಯಿತು, ಜ್ವರ ಬಿಟ್ಟಿತು ಎಂದು ಮನೆಯವರು ಸಮಾಧಾನಪಡುವ ಹೊತ್ತೇ ಕೆಲವೊಮ್ಮೆ ಕಡುಗಷ್ಟದ ಹೊತ್ತಾಗಿರುತ್ತದೆ. ಮುದುಕರಿಗೆ ಜ್ವರವೇ ಬಾರದಿರಬಹುದು. ಸಕ್ಕರೆ ಕಾಯಿಲೆಯವರು ಸಣ್ಣ ಹುಣ್ಣನ್ನೂ ಅಲಕ್ಷಿಸಬಾರದು.

ಬೆಳಗಿನ ಬಸ್ಸಿಗೆ ಹೋದರಾಯಿತು ಎಂದು ರಾತ್ರಿಯೆಲ್ಲ ಕಾಯುವುದರಿಂದಲೇ ಎಷ್ಟೋ ಜೀವ ಹೋಗುತ್ತವೆ. 2008ರಿಂದ ನಮ್ಮ ರಾಜ್ಯದಲ್ಲಿರುವ 108ರ ಗಾಡಿಯನ್ನು ಕೂಡಲೆ ಕರೆಯಿರಿ, ಅದಕ್ಕೆ ಬಾಡಿಗೆಯಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಕ್ತದ ಒತ್ತಡ ನೋಡಿ, ಪರೀಕ್ಷೆಗೆ ರಕ್ತ ತೆಗೆದು, ರೋಗಾಣುಗಳನ್ನು ಕೊಲ್ಲುವ ಔಷಧಿಯನ್ನು ನರಕ್ಕೆ ಕೊಡುತ್ತಾರೆ. ಒತ್ತಡ ಕುಸಿದವರಿಗೆ 1 ಗಂಟೆಯೊಳಗೆ ಅದು ಸಿಗಬೇಕು. 50 ಕಿಲೋ ತೂಕದವರಿಗೆ ಮೊದಲ 3 ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರ್ ಸಲೈನ್ ಬೇಕಾಗಬಹುದು. ಕೀವು ತುಂಬಿದ್ದರೆ ಕೊಯ್ದು ತೆಗೆಯದೆ ಔಷಧಿಯೊಂದರಿಂದಲೇ ಗುಣವಾಗದು.

ಜೊತೆಗೆ ಹೋದವರು ವೈದ್ಯರಿಗೆ ಕೇಳುವ ಮೊದಲೇ ಹೇಳಬೇಕಾದದ್ದು ಇಷ್ಟು: ಗಾಯ ಎಂದು ಆಯಿತು, ಜ್ವರ ಯಾವಾಗ ಬಂತು, ಕಡೆಯ ಸಲ ಮೂತ್ರ ಮಾಡಿದ್ದು ಯಾವಾಗ, ಯಾವ ಗುಳಿಗೆ ನುಂಗಿದ್ದಾರೆ. ಗುಳಿಗೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಚೀಟಿಯನ್ನೇ ಕಿಸೆಯಲ್ಲಿ ಒಯ್ಯಿರಿ.